ಮೊಂತೋರ್ಗೈ 29ರಿಂದ ಲಾ ಪೇ 13: ಒಂದು ಒಡವೆ ಅಂಗಡಿ ನಡೆದ ದಾರಿ

ಪ್ಯಾರಿಸ್ಸಿಗೆ ಹೋದವರು ಲಾ ಪೇ ಬೀದಿಯ 13ನೇ ನಂಬರಿನ ಕಪ್ಪು ಅಮೃತಶಿಲೆಯ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಡವೆಗೆ ಹೆಸರಾದ ಕಾರ್ತಿಯೆ ಮನೆತನದ ಕಥೆಯಲ್ಲಿ ಅದು ನಾಲ್ಕನೆಯ ವಿಳಾಸ. ಮೊದಲಿನಿಂದ ನೋಡಬೇಕೆಂದರೆ ಮೆಟ್ರೋದ 4ನೇ ಲೈನಿನಲ್ಲಿ ಎತಿಯೆನ್ ಮಾರ್ಸೆಲ್ ನಿಲ್ದಾಣಕ್ಕೆ ಬಂದು ಇಳಿಯಬೇಕು. ಒಟ್ಟು ನಡಿಗೆ ಎರಡೂವರೆ ಕಿಲೋಮೀಟರ್ ಆಸುಪಾಸು. ನಿಂತು ನೋಡುವವರಿಗೆ ಅರ್ಧ ದಿನ ಬೇಕು.

ನಿಲ್ದಾಣದ ಹತ್ತಿರದ ಮೊಂತೋರ್ಗೈ ತಿಂಡಿ ತಿನಿಸಿನ ಬೀದಿ. 51ರಲ್ಲಿ 1730ರಿಂದ ನಡೆದುಬಂದ ಸ್ತೋರೆರ್ ಮಿಠಾಯಿ ಅಂಗಡಿ, 38ರ ನೆತ್ತಿಯ ಮೇಲೆ ಚಿನ್ನದ ಬಣ್ಣದ ಬಸವನಹುಳು, ಅದು 1832ರ ಹೋಟೆಲು. ಇಲ್ಲಿಯೇ 29ನೇ ನಂಬರಿನಲ್ಲಿ 1847ರಲ್ಲಿ ಲೂಯಿ ಫ್ರಾಂಸ್ವಾ ಕಾರ್ತಿಯೆ ತಾನು ಕೆಲಸ ಕಲಿತ ಗುರು ಅಡೋಲ್ಫ್ ಪಿಕಾರ್‌ನ ಕಾರ್ಯಾಗಾರವನ್ನು ವಹಿಸಿಕೊಂಡ. ಮೀನು, ಸಿಂಪಿ ಮಾರುವ ಬೀದಿಗೆ ಒಡವೆ ಕೊಳ್ಳುವ ಶ್ರೀಮಂತರು ಹುಡುಕಿಕೊಂಡು ಬರುವುದುಂಟೇ? ಗಿರಾಕಿ ಇದ್ದಲ್ಲಿಗೆ ಅಂಗಡಿಯೇ ಹೋಗಬೇಕಾಯಿತು.

ಎರಡನೆಯ ವಿಳಾಸ ಹುಡುಕುವಾಗ ಫೋನು ಕೈಕೊಡುತ್ತದೆ. 1853ರ ವಿಳಾಸ ನವ್ ದೆ ಪೆತಿ ಶಾಂ ಬೀದಿಯ 5. ಆ ಹೆಸರಿನ ಬೀದಿ ಈಗಿಲ್ಲ. ಪಶ್ಚಿಮದ ತುಂಡು 1944ರಲ್ಲಿ ದಾನಿಯೆಲ್ ಕಸನೋವಾ ಬೀದಿಯಾಯಿತು. ಪಲೇ ರೊಯಾಲ್ ಪಕ್ಕದ ತುಂಡಿನಲ್ಲಿ ‘ನವ್’ ಬಿದ್ದುಹೋಗಿ ಪೆತಿ ಶಾಂ ಮಾತ್ರ ಉಳಿದಿದೆ. ನಮಗೆ ಬೇಕಾದದ್ದು ಈ ಎರಡನೆಯದು. ನೆಪೋಲಿಯನ್ III ದೊರೆಯ ಸೋದರಸಂಬಂಧಿ ರಾಜಕುಮಾರಿ ಮತಿಲ್ದ್ ಗಿರಾಕಿಯಾದದ್ದು ಈ ಕಾಲದಲ್ಲೇ. ಕಾಲು ನೋಯುತ್ತಿದ್ದರೆ ಪಲೇ ರೊಯಾಲ್ ತೋಟದಲ್ಲಿ ಕೂರಬಹುದು, ಟಿಕೆಟ್ಟಿಲ್ಲ.

ರಿಶೆಲ್ಯೂ ಬೀದಿ ಹಿಡಿದು ಉತ್ತರಕ್ಕೆ ಹೋದರೆ ಬುಲೆವಾರ್ ದೆ ಇತಾಲಿಯಾಂ. 1859ರಿಂದ ನಲವತ್ತು ವರ್ಷ ಅಂಗಡಿ ಇಲ್ಲಿನ 9ರಲ್ಲಿತ್ತು. 1874ರಲ್ಲಿ ಮಗ ಅಲ್ಫ್ರೆಡ್ ಯಜಮಾನನಾದ. ಈಗ ಬೀದಿಯ ತುಂಬ ಬ್ಯಾಂಕು, ಸಿನಿಮಾ ಮಂದಿರ. ಇಲ್ಲಿ ಹೆಚ್ಚು ಹೊತ್ತು ಬೇಡ.

ಇನ್ನು ಲಾ ಪೇ ಬೀದಿ. ಮೊಮ್ಮಗ ಲೂಯಿ 1898ರಲ್ಲಿ ಮದುವೆಯಾದದ್ದು ವರ್ತ್ ಮನೆತನದ ಹುಡುಗಿಯನ್ನು. ಉಡುಪಿಗೆ ಹೆಸರಾದ ಆ ವರ್ತ್ ಅಂಗಡಿ ಇದೇ ಬೀದಿಯ 7ರಲ್ಲಿತ್ತು. ಮರುವರ್ಷವೇ ಕಾರ್ತಿಯೆ 13ಕ್ಕೆ ಬಂತು. ಗೌನಿನ ಅಳತೆ ಕೊಡಲು ಬಂದ ಹೆಂಗಸರಿಗೆ ಹಾರದಂಗಡಿ ನಾಲ್ಕು ಹೆಜ್ಜೆಯಲ್ಲಿ ಸಿಕ್ಕಂತಾಯಿತು. ಮದುವೆ ಮುಂದೆ ಮುರಿಯಿತು, ಅಂಗಡಿ ನಿಂತಿತು.

ಕಿಟಕಿಯ ಗಾಜಿನ ಮುಂದೆ ಎದುರಾಗಿ ನಿಲ್ಲಬೇಡಿ, ಬೆಳಕು ಹೊಡೆಯುತ್ತದೆ. ಪಕ್ಕಕ್ಕೆ ಸರಿದು ವಜ್ರದ ಬುಡ ನೋಡಿ. ಹಿಂದೆ ವಜ್ರವನ್ನು ಬೆಳ್ಳಿಯಲ್ಲಿ ಕೂರಿಸಿ, ಬೆನ್ನಿಗೆ ಚಿನ್ನದ ತಗಡು ಕೊಡುತ್ತಿದ್ದರು, ಬೆಳ್ಳಿಯ ಕಪ್ಪು ಬಟ್ಟೆಗೆ ಹತ್ತದಿರಲೆಂದು. ಬೆಳ್ಳಿ ಮೆದು, ಹರಳು ನಿಲ್ಲಬೇಕಾದರೆ ದಪ್ಪ ಹಿಡಿತ ಬೇಕು, ಒಡವೆ ಭಾರವಾಗುತ್ತದೆ. ಲೂಯಿ ಪ್ಲಾಟಿನಂ ಹಿಡಿದ. ಅದು ಕಪ್ಪಾಗುವುದಿಲ್ಲ, ಕೂದಲೆಳೆಯಂಥ ತಂತಿಯೂ ಹರಳನ್ನು ಬಿಡುವುದಿಲ್ಲ. ಆದರೆ ಪಳಗಿಸುವುದು ಕಷ್ಟ. ಬೆಳ್ಳಿ 962 ಡಿಗ್ರಿಗೆ, ಚಿನ್ನ 1064ಕ್ಕೆ ಕರಗಿದರೆ ಪ್ಲಾಟಿನಂಗೆ 1768 ಡಿಗ್ರಿ ಸೆಲ್ಸಿಯಸ್ ಬೇಕು. ಅಕ್ಕಸಾಲಿ ಬಾಯಲ್ಲಿ ಊದುವ ಕೊಳವೆಯ ಉರಿ ಸಾಲದು, ಆಮ್ಲಜನಕ ಸೇರಿಸಿದ ಜ್ವಾಲೆಯೇ ಆಗಬೇಕು. ಇದ್ದಿಲ ಮೇಲಿಟ್ಟು ಕಾಯಿಸಿದರೆ ಕೆಟ್ಟಿತು: ಇಂಗಾಲ ಒಳಹೊಕ್ಕು ಲೋಹ ಪೆಡಸಾಗಿ ಬಿರಿಯುತ್ತದೆ. ಹಿಂದಿನ ಕೆಲಸದ ಸೀಸದ ಪುಡಿ ಅಂಟಿದ್ದರೂ ಅದೇ ಗತಿ. ಅದಕ್ಕೇ ಪ್ಲಾಟಿನಂ ಕೆಲಸಕ್ಕೆ ಅರ ಬೇರೆಯೇ ಇಡುತ್ತಾರೆ.

ಮೂವರು ಅಣ್ಣತಮ್ಮಂದಿರು ಮೂರು ಊರು ಹಂಚಿಕೊಂಡರು: ಲೂಯಿ ಪ್ಯಾರಿಸ್, ಪಿಯರ್ ನ್ಯೂಯಾರ್ಕ್, ಜಾಕ್ ಲಂಡನ್. ಜಾಕ್ 1911ರ ದೆಹಲಿ ದರ್ಬಾರಿಗೆ ಬಂದವ. ಮುಂದೆ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ತನ್ನ ಹರಳುಗಳನ್ನು ಕೊಟ್ಟು ಕಟ್ಟಿಸಿಕೊಂಡ ಹಾರ 1928ರಲ್ಲಿ ಸಿದ್ಧವಾಯಿತು: 2,930 ವಜ್ರ, ನಡುವೆ 234.65 ಕ್ಯಾರೆಟ್ಟಿನ ಡಿ ಬೀರ್ಸ್ ವಜ್ರ. 1948ರ ಸುಮಾರಿಗೆ ಕಾಣೆಯಾದ ಆ ಹಾರದ ಅಸ್ಥಿಪಂಜರ 1998ರಲ್ಲಿ ಲಂಡನ್ನಿನಲ್ಲಿ ಸಿಕ್ಕಿತು, ದೊಡ್ಡ ಹರಳುಗಳಿಲ್ಲದೆ.

ವ್ಯಾಪಾರದ ಜಾಣತನಕ್ಕೆ ಪಿಯರ್‌ನೇ ಉದಾಹರಣೆ. 1917ರಲ್ಲಿ ಎರಡೆಳೆಯ ಸಹಜ ಮುತ್ತಿನ ಹಾರ, ಜೊತೆಗೆ 100 ಡಾಲರ್ ಕೊಟ್ಟು ಐದನೇ ಅವೆನ್ಯೂದ ಮಹಲನ್ನೇ ಪಡೆದ. ಆಗ ಹಾರದ ಬೆಲೆ ಹತ್ತು ಲಕ್ಷ ಡಾಲರ್. ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂದು ಸಹಜ ಮುತ್ತಿನ ಬೆಲೆ ಕುಸಿಯಿತು; 1957ರಲ್ಲಿ ಹಾರ ಹರಾಜಾದದ್ದು 1,51,000 ಡಾಲರಿಗೆ. ಮಹಲು ಇವತ್ತಿಗೂ ಅಂಗಡಿಯೇ.

ಊರು ಹಂಚಿಕೊಂಡಾಗಲೇ ಅಂಗಡಿಯೂ ಮೂರು ಪಾಲಾಗಿತ್ತೆಂದು ನಮ್ಮ ಲೆಕ್ಕ. ಅಣ್ಣತಮ್ಮಂದಿರು ಇದ್ದಷ್ಟು ಕಾಲ ಅದು ಕಾಣಲಿಲ್ಲ. ಜಾಕ್ 1941ರಲ್ಲಿ, ಲೂಯಿ 1942ರಲ್ಲಿ ತೀರಿಕೊಂಡ ಮೇಲೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಒಂದೊಂದು ಊರಿನ ಯಜಮಾನರು. ನ್ಯೂಯಾರ್ಕ್ 1962ರಲ್ಲಿ ಕೈತಪ್ಪಿತು, ಆಮೇಲೆ ಪ್ಯಾರಿಸ್, 1974ರಲ್ಲಿ ಲಂಡನ್. ಈಗ ಎಲ್ಲವೂ ಸ್ವಿಟ್ಜರ್ಲೆಂಡಿನ ರಿಶ್ಮೋಂ ಕಂಪನಿಯ ಕೈಯಲ್ಲಿದೆ. 13ರ ಕಟ್ಟಡ ದುರಸ್ತಿಯಾಗಿ 2022ರಲ್ಲಿ ಮತ್ತೆ ತೆರೆಯಿತು.

ಹೊರಬಂದು ಪ್ಲಾಸ್ ವಾಂದೋಮ್ ಚೌಕದ ಕಡೆಗೆ ಸ್ವಲ್ಪ ನಡೆದರೆ ಅದೇ ಸಾಲಿನ 9ರಲ್ಲಿ ಇನ್ನೊಂದು ಒಡವೆ ಅಂಗಡಿ, ಮೆಲ್ಲೇರಿಯೋ. ಬೋರ್ಡು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ತುಂಬ ಜನ ದಾಟಿ ಹೋಗಿಬಿಡುತ್ತಾರೆ. ಅವರ ವ್ಯಾಪಾರ 1613ರದು, ಈ ಬೀದಿಗೆ ಬಂದದ್ದು 1815ರಲ್ಲಿ. ಅಂಗಡಿ ಇಂದಿಗೂ ಮನೆಯವರದೇ.