ಅಘನಾಶಿನಿಗೆ ಹೋಗುವುದಾದರೆ ನೀರಿನ ಹೊತ್ತು ನೋಡಿ ಹೊರಡಿ

ಗೋಕರ್ಣಕ್ಕೆ ಹೋದವರಲ್ಲಿ ಬಹಳ ಮಂದಿ ತದಡಿಯವರೆಗೆ ಬರುವುದಿಲ್ಲ. ಬಂದವರಲ್ಲೂ ಹೊಳೆ ದಾಟಿ ಆಚೆ ದಡದ ಅಘನಾಶಿನಿ ಊರಿಗೆ ಹೋಗುವವರು ಕಡಿಮೆ. ಕುಮಟಾ ತಾಲ್ಲೂಕಿನ ಈ ಸಣ್ಣ ಊರಿಗೆ ಒಂದೆಡೆ ಕಡಲು, ಇನ್ನೊಂದೆಡೆ ಅದೇ ಹೆಸರಿನ ನದಿ, ಬೆನ್ನಿಗೆ ಚಿರೇಕಲ್ಲಿನ ಗುಡ್ಡ. ಉತ್ತರ ಕನ್ನಡದ ಕರಾವಳಿಯಲ್ಲಿ ನಾನು ಮತ್ತೆ ಮತ್ತೆ ಹೋಗುವುದು ಇಲ್ಲಿಗೇ. ಹೋಗಬೇಕೆಂದುಕೊಂಡವರಿಗೆ ಮೊದಲು ಹೇಳುವ ಮಾತು ಒಂದೇ: ರಜೆ ನೋಡಿಕೊಂಡು ದಿನ ಗೊತ್ತು ಮಾಡಬೇಡಿ, ಉಬ್ಬರ-ಇಳಿತ ನೋಡಿಕೊಂಡು ಮಾಡಿ.

ಕಾರಣವಿದೆ. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಅಷ್ಟಮಿಯ ಹೊತ್ತಿಗೆ ಸಪ್ಪೆ. ಹೊಳೆ ಕಡಲು ಸೇರುವ ಈ ಅಳಿವೆಯಲ್ಲಿ ನೋಡಬೇಕಾದದ್ದೆಲ್ಲ ಈ ಲೆಕ್ಕಕ್ಕೆ ಕಟ್ಟುಬಿದ್ದಿದೆ. ಉಬ್ಬರದಲ್ಲಿ ಬಂದವರಿಗೆ ಕಾಣುವುದು ಅಗಲವಾದ ನೀರು, ಅಷ್ಟೇ. ಇಳಿತದಲ್ಲಿ ಬಂದರೆ ಅದೇ ಜಾಗದಲ್ಲಿ ಮರಳುದಿಬ್ಬಗಳು ಎದ್ದಿರುತ್ತವೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ತೆರೆದಿರುತ್ತದೆ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಜನ ಬೆಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಿರುತ್ತಾರೆ. ಅಮಾವಾಸ್ಯೆಯ ಮರುದಿನವೋ ಹುಣ್ಣಿಮೆಯ ಮರುದಿನವೋ ಅಲ್ಲಿರುವಂತೆ ನೋಡಿಕೊಳ್ಳಿ. ಕಾರವಾರ ಬಂದರಿನ ಉಬ್ಬರ-ಇಳಿತದ ವೇಳೆ ಅಂತರ್ಜಾಲದಲ್ಲಿ ಸಿಗುತ್ತದೆ, ಅಂದಾಜಿಗೆ ಅದು ಸಾಕು. ಹೊಳೆಯಲ್ಲಿ ಒಳಗೆ ಹೋದಷ್ಟೂ ಸ್ವಲ್ಪ ತಡ. ಉಳಿದದ್ದನ್ನು ದೋಣಿಯವರನ್ನು ಕೇಳಿ, ಗಡಿಯಾರ ನೋಡದೆಯೇ ಹೇಳುತ್ತಾರೆ.

ಬೆಂಗಳೂರಿನಿಂದ ಬರುವವರಿಗೆ ಪಂಚಗಂಗಾ ರೈಲು ಅನುಕೂಲ. ಸಂಜೆ ಹತ್ತಿದರೆ ಬೆಳಿಗ್ಗೆ ಕುಮಟಾ. ಅಲ್ಲಿಂದ ಬಾಡ, ಕಾಗಾಲ ಹಾದು ಅಘನಾಶಿನಿಗೆ ಬಸ್ಸಿದೆ, ಆದರೆ ನಗರದ ಬಸ್ಸಿನಂತೆ ಹತ್ತು ನಿಮಿಷಕ್ಕೊಂದು ಅಲ್ಲ. ನಿಲ್ದಾಣದಲ್ಲಿ ಇಳಿದ ಕೂಡಲೇ ವೇಳೆ ಕೇಳಿಟ್ಟುಕೊಳ್ಳಿ, ತಪ್ಪಿದರೆ ಆಟೋ. ಗೋಕರ್ಣದ ಕಡೆಯಿಂದ ಬರುವವರು ತದಡಿಗೆ ಬಂದು ಹೊಳೆ ದಾಟಿಸುವ ತಾರಿ ದೋಣಿ ಹಿಡಿಯಬಹುದು. ಅಳಿವೆಯನ್ನು ನೀರಿನ ಮೇಲಿಂದಲೇ ಮೊದಲ ಸಲ ನೋಡುವುದು ಚೆಂದ, ಹಾಗಾಗಿ ನನ್ನ ಮತ ಈ ದಾರಿಗೆ. ಚಿಲ್ಲರೆ ಜೇಬಿನಲ್ಲಿರಲಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹತ್ತುವಾಗಲೇ ಕೇಳಿ. ಕಾರಿನಲ್ಲಿ ಬಂದರೆ ರಾಷ್ಟ್ರೀಯ ಹೆದ್ದಾರಿ 66ರಿಂದ ಕುಮಟಾದಲ್ಲಿ ಒಳಗೆ ತಿರುಗಬೇಕು. ಒಳರಸ್ತೆ ಕಿರಿದು, ಮಕ್ಕಳು, ದನಗಳು ಓಡಾಡುವ ದಾರಿ. ನಿಧಾನವಾಗಿ ಹೋಗಿ.

ಈ ನದಿಯ ವಿಷಯ ಸ್ವಲ್ಪ ತಿಳಿದುಕೊಂಡು ಬಂದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟ ಇಳಿದು ಇಲ್ಲಿ ಕಡಲು ಸೇರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣು, ಎಲೆ, ಸಿಹಿನೀರು ತಡೆಯಿಲ್ಲದೆ ಅಳಿವೆಗೆ ಬರುತ್ತವೆ. ಎದುರಿನಿಂದ ಕಡಲಿನ ಉಪ್ಪುನೀರು ನುಗ್ಗುತ್ತದೆ. ಇವೆರಡೂ ಬೆರೆಯುವ ಹದದಲ್ಲೇ ಬೆಳಚು, ಕಲ್ವಾ, ಸಿಗಡಿ, ಏಡಿ ಬದುಕುತ್ತವೆ. ಅವುಗಳನ್ನು ನೆಚ್ಚಿಕೊಂಡು ಎರಡೂ ದಡದ ಊರುಗಳು ಬದುಕುತ್ತವೆ. ತದಡಿಯಲ್ಲಿ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಮಾತು ಒಮ್ಮೆ ನಡೆದಿತ್ತು. ಈ ಜನ ಎದ್ದು ನಿಂತು ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. 2024ರಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ನೀವು ಕಾಲಿಡುವ ಕೆಸರು ಅಷ್ಟು ಬೆಲೆಯುಳ್ಳದ್ದು.

ಕೆಸರಿಗೆ ಇಳಿಯುವವರಿಗೆ ಒಂದೆರಡು ಮಾತು. ಬರಿಗಾಲಲ್ಲಿ ಇಳಿಯಬೇಡಿ, ಕಲ್ವಾದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಪಟ್ಟಿಯಿರುವ ಹಳೆಯ ಚಪ್ಪಲಿ ಇದ್ದರೆ ಒಳ್ಳೆಯದು. ಊರಿನವರೊಬ್ಬರು ಜೊತೆಗಿಲ್ಲದೆ ಮರಳುದಿಬ್ಬಕ್ಕೆ ಹೋಗಬೇಡಿ, ಏಕೆಂದರೆ ನೀರು ಏರುವಾಗ ಹಿಂದಿನಿಂದ ಸುತ್ತುವರಿಯುತ್ತದೆ. ನದಿ ಕಡಲು ಸೇರುವ ಬಾಯಿಯಲ್ಲಂತೂ ಈಜಲೇಬಾರದು. ಇಳಿತದ ಸೆಳೆತ ಅಲ್ಲಿ ವಿಪರೀತ. ಬೆಳಚು ಹೆಕ್ಕುವವರ ಫೋಟೊ ತೆಗೆಯುವ ಮುನ್ನ ಕೇಳಿ. ಅವರಿಗೆ ಸಿಗುವುದು ಇಳಿತದ ಕೆಲವೇ ಗಂಟೆ, ಅದರಲ್ಲೇ ದಿನದ ದುಡಿಮೆ ಆಗಬೇಕು.

ಕಡಲ ದಂಡೆ ಬೇಕೆನ್ನುವವರಿಗೆ ಕೊರತೆಯಿಲ್ಲ. ಊರಿನ ದಕ್ಷಿಣಕ್ಕೆ ಗಾಳಿಮರಗಳ ಸಾಲಿನ ಉದ್ದನೆಯ ಮರಳು, ಅದರಾಚೆ ಗುಡ್ಡ ಹತ್ತಿ ಇಳಿದರೆ ಕಡ್ಲೆ. ಕುಮಟಾದ ವನ್ನಳ್ಳಿಯಿಂದ ಕಡ್ಲೆ ಮೇಲೆ ಹಾದು, ಅಘನಾಶಿನಿಯಲ್ಲಿ ಹೊಳೆ ದಾಟಿ, ತದಡಿ, ಬೇಲೆಕಾನ, ಓಂ ಕಡಲತೀರದ ಮೂಲಕ ಗೋಕರ್ಣ ಮುಟ್ಟುವ ಚಾರಣ ಈಗ ಹೆಸರುವಾಸಿ. ಇಪ್ಪತ್ತು ಕಿಲೋಮೀಟರ್ ಮೀರಿದ ದಾರಿ ಅದು. ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ, ನಾನು ಮಾತ್ರ ಹಾಗೆ ಮಾಡಿ ಎನ್ನಲಾರೆ. ಅಷ್ಟು ಅವಸರದಲ್ಲಿ ಹೋದರೆ ಅಘನಾಶಿನಿ ಬರೀ ದೋಣಿ ಹತ್ತುವ ಕಟ್ಟೆಯಾಗಿ ಉಳಿಯುತ್ತದೆ. ನಡುವೆ ಒಂದು ರಾತ್ರಿ ಇಲ್ಲಿ ತಂಗಿ. ನೀರು ಹೊತ್ತುಕೊಳ್ಳಿ, ಗುಡ್ಡದ ಮೇಲೆ ನೆರಳೂ ಇಲ್ಲ, ಅಂಗಡಿಯೂ ಇಲ್ಲ.

ಸಮಯವಿದ್ದರೆ ಮಾಣಿಕಟ್ಟಾದ ಗಜನಿ ಗದ್ದೆಗಳನ್ನು, ಅಂದರೆ ಉಬ್ಬರದ ಉಪ್ಪುನೀರು ತಲುಪುವ ಹೊಳೆದಡದ ಗದ್ದೆಗಳನ್ನು, ತಪ್ಪಿಸಬೇಡಿ. ನನಗೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು. ಕಗ್ಗ ಎಂಬ ಭತ್ತ ಬೆಳೆಯುವುದು ಇಲ್ಲಿ. ಉಪ್ಪುನೀರು ತಾಗಿದರೂ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯದ ತಳಿ. ಆಳೆತ್ತರ ಬೆಳೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಮಳೆ ಮುಗಿದ ಮೇಲೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ತೂಬಿನ ಹಲಗೆ ತೆಗೆದು ಉಬ್ಬರದ ನೀರು ಬಿಟ್ಟರೆ, ಆ ಹುಲ್ಲಿನ ನಡುವೆ ಸಿಗಡಿ, ಮೀನು ಬೆಳೆಯುತ್ತವೆ. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಮೀನು. ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಅಕ್ಕಿ ಮಾರಲು ಇದ್ದರೆ ಒಂದೆರಡು ಸೇರು ಕೊಳ್ಳಿ. ಕೆಂಪು, ದಪ್ಪ ಕಾಳು, ಗಂಜಿಗೆ ಬಹಳ ರುಚಿ. ಪೈರು ನೋಡಬೇಕಿದ್ದರೆ ಸೆಪ್ಟೆಂಬರ್ ಕೊನೆಯಲ್ಲಿ ಬನ್ನಿ. ಹಕ್ಕಿ ನೋಡುವವರಿಗೆ ಡಿಸೆಂಬರ್‌ನಿಂದ ಫೆಬ್ರವರಿ, ಆಗ ಚಳಿಗಾಲದ ವಲಸೆ ಹಕ್ಕಿಗಳು ಕೆಸರುದಿಬ್ಬಗಳಲ್ಲಿ ಮೇಯುತ್ತಿರುತ್ತವೆ. ಆಚೆ ದಡದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ನೋಡಲು ಬೇಸಿಗೆಯೇ ಆಗಬೇಕು.

ಜೂನ್, ಜುಲೈ ಬೇಡ. ಕಡಲು ಕೆರಳಿರುತ್ತದೆ, ದೋಣಿ ನೆಚ್ಚುವಂತಿಲ್ಲ, ದಂಡೆಯಲ್ಲಿ ನಡೆಯುವುದೂ ಅಪಾಯ. ಹೆದ್ದಾರಿಯೂ ಹಾಗೆಯೇ: 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಮೀನೂಟದ ಆಸೆಯಿಂದ ಬರುವವರಿಗೂ ಅದು ಕಾಲವಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ.

ತಂಗಲು ಹೋಮ್‌ಸ್ಟೇಗಳಿವೆ, ಸಂಖ್ಯೆ ಹೆಚ್ಚಿಲ್ಲ. ಮೊದಲೇ ಫೋನ್ ಮಾಡಿ, ಊಟವನ್ನೂ ಆಗಲೇ ಹೇಳಿ. ಹೇಳದೆ ಬಂದು ರಾತ್ರಿ ಒಂಬತ್ತಕ್ಕೆ ಊಟ ಹುಡುಕಿದರೆ ಸಿಗುವ ಊರಲ್ಲ ಇದು. ಮೀನು ತಿನ್ನುವವರು ಬೆಳಚಿನ ಸುಕ್ಕಾ ಸಿಗುತ್ತದೆಯೇ ಎಂದು ಕೇಳಿ. ಅಂದಿನ ಇಳಿತದಲ್ಲಿ ಹೆಕ್ಕಿದ್ದಾದರೆ ಅದರ ಮುಂದೆ ಬಂಗಡೆ, ಕಾಣೆ ಯಾವುದೂ ಇಲ್ಲ. ಸಸ್ಯಾಹಾರಿಗಳು ಬಂದ ಕೂಡಲೇ ತಿಳಿಸಿದರೆ ತಂಬುಳಿ, ಗೊಜ್ಜು ಮಾಡಿಕೊಡುತ್ತಾರೆ. ನಗದು ಇಟ್ಟುಕೊಳ್ಳಿ, ಎಟಿಎಂ ಕೆಲಸ ಕುಮಟಾದಲ್ಲೇ ಮುಗಿಸಿ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ ತಂದವರು ವಾಪಸ್ಸು ಒಯ್ಯಿರಿ. ದಂಡೆಯಲ್ಲಿ ಬಿಟ್ಟದ್ದು ಮುಂದಿನ ಉಬ್ಬರಕ್ಕೆ ಕಾಂಡ್ಲಾ ಬೇರಿಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದ ಬಿಡಿಸುವವರು ಯಾರೂ ಇಲ್ಲ.

ಮರಳುವಾಗ ಹೆದ್ದಾರಿಯಲ್ಲಿ ಅಂಕೋಲಾದ ಕಡೆ ಹೋಗುವವರು ಮಿರ್ಜಾನ ಕೋಟೆಗೆ ಒಂದು ಗಂಟೆ ಕೊಡಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಚಿರೇಕಲ್ಲಿನ ಕೋಟೆ, ಕರಿಮೆಣಸಿನ ವ್ಯಾಪಾರದ ದಿನಗಳದ್ದು. ಹೊನ್ನಾವರದ ಕಡೆ ಹೋಗುವವರು, ಏಪ್ರಿಲ್-ಮೇ ತಿಂಗಳಾಗಿದ್ದರೆ, ಹಂದಿಗೋಣ, ಅಳ್ವೆಕೋಡಿಯ ರಸ್ತೆ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟಾ ಈರುಳ್ಳಿ ಕೊಳ್ಳಿ. ಸಿಹಿಯಾದ ಈರುಳ್ಳಿ, ಗಾಳಿಯಾಡುವ ಕಡೆ ತೂಗಿಸಿಟ್ಟರೆ ಬಹಳ ದಿನ ಕೆಡುವುದಿಲ್ಲ.