ಇದನ್ನ ಬಿಚ್ಚಕ್ಕೆ ಆಗುತ್ತಾ?

"ಇದನ್ನ ಬಿಚ್ಚಕ್ಕೆ ಆಗುತ್ತೇನಪ್ಪಾ?"

ಈ ವಾರ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯ ಆಟಿಕೆ ಅಂಗಡಿಯೊಂದರಲ್ಲಿ ಒಬ್ಬ ಅಜ್ಜಿ ಕೇಳಿದ ಪ್ರಶ್ನೆ. ಅವರ ಕೈಯಲ್ಲಿದ್ದದ್ದು ಸ್ಯಾಕ್ಸೋಫೋನ್ ಊದುತ್ತಾ ಸೊಂಟ ಕುಣಿಸುವ ಬ್ಯಾಟರಿ ಸಾಂತಾ. ಅಜ್ಜಿ ಕುಣಿತ ನೋಡಲೇ ಇಲ್ಲ. ಗೊಂಬೆಯನ್ನು ತಲೆಕೆಳಗು ಮಾಡಿ, ತಳದ ಮೇಲೆ ಹೆಬ್ಬೆರಳು ಆಡಿಸುತ್ತಾ ಸ್ಕ್ರೂ ಹುಡುಕುತ್ತಿದ್ದರು. ಅಂಗಡಿ ಹುಡುಗನಿಗೆ ನಗು. "ಆಡಕ್ಕೆ ತಾನೇ ಅಮ್ಮಾ ತಗೊಳ್ಳೋದು, ಬಿಚ್ಚಕ್ಕಾ?" ಪಕ್ಕದಲ್ಲಿ ಫೋನ್ ನೋಡುತ್ತಾ ನಿಂತಿದ್ದ ಮಗನಿಗೆ ಅವಸರ. "ಹಾಳಾದ್ರೆ ಇನ್ನೊಂದು ತಂದ್ರಾಯ್ತು, ಬಿಡಮ್ಮಾ."

ಅಜ್ಜಿಯ ಪ್ರಶ್ನೆಗೆ ಇಬ್ಬರೂ ಉತ್ತರ ಕೊಡಲಿಲ್ಲ ಅನ್ನೋದೇ ತಲೆಯಲ್ಲಿ ಕೂತುಬಿಟ್ಟಿದೆ. ಮಗ ಕೆಟ್ಟವನಂತೂ ಕಾಣಲಿಲ್ಲ. ಆದರೆ ಇಂಥವರು ಮಿಕ್ಸಿ ಕೊಳ್ಳುವಾಗ ಜಾರಿನ ಬ್ಲೇಡು ಬಿಡಿಯಾಗಿ ಸಿಗುತ್ತಾ, ಸರ್ವೀಸ್ ಎಲ್ಲಿ ಅಂತ ನಾಲ್ಕು ಸಲ ಕೇಳುತ್ತಾರೆ. ಮಗುವಿನ ಸಾಮಾನು ಅಂದ ಕೂಡಲೇ ಲೆಕ್ಕ ಬದಲಾಗುತ್ತೆ. ಕ್ರಿಸ್ಮಸ್ ಹೊತ್ತಿಗಂತೂ, 25ರ ಮಧ್ಯಾಹ್ನ ಊಟಕ್ಕೆ ಬಂದವರೆದುರು ಒಂದು ಸಲ ಕುಣಿದರೆ ಸಾಕು ಅಂತ ದೊಡ್ಡವರೇ ಒಳಗೊಳಗೆ ಒಪ್ಪಿಕೊಂಡಿರುತ್ತಾರೆ.

ಅಜ್ಜಿ ಹುಡುಕಿದ ಜಾಗ ಮಾತ್ರ ಸರಿಯಾಗಿತ್ತು. ಬ್ಯಾಟರಿ ಮುಚ್ಚಳದ ಸ್ಕ್ರೂ ನೋಡಿ ಸಮಾಧಾನಪಡಬಾರದು, ಅದು ಬಹುತೇಕ ಎಲ್ಲ ಗೊಂಬೆಗೂ ಇರುತ್ತೆ. ಮೈಯ ಎರಡು ಹೋಳು ಸೇರುವ ಕಡೆ ಆಳವಾದ ಗುಳಿಗಳಿದ್ದು, ಒಳಗೆ ಸ್ಕ್ರೂ ಕಂಡರೆ ಬಿಚ್ಚಬಹುದು. ಬರೀ ಸಣ್ಣ ಗೆರೆಯಿದ್ದರೆ ಅಂಟು ಹಾಕಿದ್ದು, ಇಲ್ಲವೇ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆದದ್ದು. ಒಳಗೆ ಒಂದು ತಂತಿ ಕಿತ್ತರೂ ಇಡೀ ಗೊಂಬೆ ಕಸದ ಗಾಡಿಗೆ.

ಬ್ಯಾಟರಿ ಗೊಂಬೆ ಕೆಡೋದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಸೆಲ್ಲು ಒಳಗೇ ಉಳಿದರೆ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತೆ, ಕರೆಂಟು ಹರಿಯೋದಿಲ್ಲ. ಆಲ್ಕಲೈನ್ ಸೆಲ್ಲಿನ ಸೋರಿಕೆ ಕ್ಷಾರ. ಇಯರ್ ಬಡ್ಡಿಗೆ ಎರಡು ಹನಿ ನಿಂಬೆರಸವೋ ವಿನಿಗರೋ ಹಚ್ಚಿ ಉಜ್ಜಿದರೆ ಬಿಡುತ್ತೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು. ಕೈಗೆ ಗ್ಲೌಸ್ ಇರಲಿ. ಇನ್ನೊಂದು ಕಾಯಿಲೆ ಹಲ್ಲುಚಕ್ರದ್ದು. ಕುಣಿಯುವ ಸೊಂಟವನ್ನು ಮಗು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಯಾವ ಮಗು ಹಿಡಿಯೋದಿಲ್ಲ? ಮೋಟಾರು ಮಾತ್ರ ತಿರುಗುತ್ತಲೇ ಇರುತ್ತೆ. ಅದರ ಉಕ್ಕಿನ ಕಡ್ಡಿಗೆ ಒತ್ತಿ ಕೂರಿಸಿದ ಪುಟ್ಟ ಪ್ಲಾಸ್ಟಿಕ್ ಚಕ್ರ ಸೀಳುತ್ತೆ. ಒಳಗೆ ಝೂಂ ಅನ್ನೋ ಸದ್ದು ಬಂದರೂ ಗೊಂಬೆ ಅಲ್ಲಾಡದಿದ್ದರೆ ಇದೇ ಇರಬೇಕು. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಇಂಥ ಚಕ್ರ, ಮೋಟಾರು ಬಿಡಿಯಾಗಿ ಸಿಗುತ್ತವೆ. ಹಲ್ಲು ಎಣಿಸಿಕೊಂಡು, ಕಡ್ಡಿಯ ದಪ್ಪ ನೋಡಿಕೊಂಡು ಹೋಗಬೇಕು. ಸಣ್ಣ ಮೋಟಾರುಗಳಲ್ಲಿ ಅದು ಸಾಮಾನ್ಯವಾಗಿ 2 ಮಿಲಿಮೀಟರ್. ಗೊಂಬೆಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋದರೆ ಇನ್ನೂ ವಾಸಿ.

ಬಿಚ್ಚೋದು ದೊಡ್ಡವರ ಕೈಗೆ ಸಾಧ್ಯವಾಗಬೇಕು, ಮಗುವಿನ ಕೈಗೆ ಆಗಲೇಬಾರದು. ಗುಂಡಿಯಂಥ ಚಪ್ಪಟೆ ಸೆಲ್ಲು ಇರುವ ಆಟಿಕೆಯ ಮುಚ್ಚಳ ಉಗುರಿಗೆ ತೆರೆದುಕೊಂಡರೆ ಅಲ್ಲೇ ಬಿಟ್ಟು ಬನ್ನಿ. ನುಂಗಿದ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡೋಕೆ ಶುರುವಾಗುತ್ತೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಗೆ 31.7 ಮಿಲಿಮೀಟರ್ ಅಗಲದ ಒಂದು ಕೊಳವೆಯಿದೆ. ಅದರೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಗಂಟಲಿಗೆ ಅಪಾಯ ಅಂತ ಲೆಕ್ಕ. 2021ರ ಜನವರಿ 1ರಿಂದ ನಮ್ಮಲ್ಲಿ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳು ಮಾಡಿದ್ದಕ್ಕೆ ವಿನಾಯಿತಿ ಇದೆ, ಹಾಗಾಗಿ ಚನ್ನಪಟ್ಟಣದ ಗೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿ ಬೇಡ.

ಚನ್ನಪಟ್ಟಣದ್ದು ಬಾಳುತ್ತೆ, ಆದರೆ ಅದನ್ನು ಕೆಡಿಸೋ ಕಲೆ ಬೆಂಗಳೂರಿಗರಿಗೆ ಚೆನ್ನಾಗಿ ಗೊತ್ತು. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ, ತಾಳೆಗರಿಯಿಂದ ತಿಕ್ಕಿದಾಗ ಹೊಳಪು ಬರುತ್ತೆ. ಅರಗಿಗೆ ಸ್ಪಿರಿಟ್ ಆಗೋದಿಲ್ಲ, ಬಿಸಿಯೂ ಆಗೋದಿಲ್ಲ. ಕೊರೊನಾ ಕಾಲದಿಂದ ಅಂಟಿಕೊಂಡಿರುವ ಸ್ಯಾನಿಟೈಸರ್ ಚಟದಲ್ಲಿ ಗಿಲಕಿಯನ್ನು ಒರೆಸಿ, "ಬಣ್ಣ ಬಿಡುತ್ತೆ, ಡೂಪ್ಲಿಕೇಟು" ಅನ್ನುವವರಿದ್ದಾರೆ. ಸ್ಯಾನಿಟೈಸರಿಗೆ ಬಣ್ಣ ಬಿಡೋದು ಅದು ಅರಗು ಅನ್ನೋದಕ್ಕೇ ಒಂದು ಸುಳಿವು! ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಕೊಳ್ಳುವಾಗ ಚಕ್ರವನ್ನೂ ಅಚ್ಚನ್ನೂ ಹಿಡಿದು ಎಳೆಯಿರಿ. ಮರ ಸರಿಯಾಗಿ ಒಣಗಿಲ್ಲದಿದ್ದರೆ ನಮ್ಮ ಫೆಬ್ರವರಿ, ಮಾರ್ಚ್‌ನ ಒಣ ಹವೆಗೆ ಕುಗ್ಗಿ, ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ಬೆಣೆ ಸಡಿಲವಾಗುತ್ತೆ. ಸಡಿಲವಾದರೂ ಚಿಂತೆಯಿಲ್ಲ: ಹಳೆ ಅಂಟು ಕೆರೆದು, ಬೆಣೆಗೆ ತೆಳು ಹತ್ತಿ ನೂಲು ಸುತ್ತಿ, ಮರದ ಅಂಟು ಹಚ್ಚಿ ಕೂರಿಸಿ, ಒಂದು ದಿನ ಮುಟ್ಟದೆ ಬಿಟ್ಟರೆ ಗಟ್ಟಿ.

ಬಟ್ಟೆ ಗೊಂಬೆಗೆ ಹೊಲಿಗೆ ನೋಡಿ, ಕಣ್ಣು ಕಸೂತಿಯದ್ದಾಗಿರಲಿ. ಅಷ್ಟೇ.

ಮತ್ತೆ ಆ ಪ್ರಶ್ನೆಗೇ ಬರುತ್ತೇನೆ. "ಬಿಚ್ಚಕ್ಕೆ ಆಗುತ್ತೇನಪ್ಪಾ" ಅಂತ ಕೇಳಿದ್ದು ಒಂದು ಕ್ರಿಸ್ಮಸ್ ಮನೆಯ ಹಿರಿಯ ಹೆಂಗಸು. ಬಿಚ್ಚೋದು, ಜೋಡಿಸೋದು, ಒರೆಸಿ ಎತ್ತಿಡೋದೇ ಆ ಮನೆಗಳಲ್ಲಿ ಹಬ್ಬದ ಅರ್ಧ ಕೆಲಸ. ಶಿವಾಜಿನಗರ, ಫ್ರೇಜರ್ ಟೌನ್, ವಿವೇಕನಗರದ ಎಷ್ಟೋ ಮನೆಗಳ ಅಟ್ಟದಲ್ಲಿ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೊಂಬೆಗಳ ಡಬ್ಬ ಇರುತ್ತೆ. ಮರಿಯಮ್ಮ, ಜೋಸೆಫರು, ಕುರುಬರು, ಒಂಟೆ, ಕಿವಿ ಮುರಿದ ಕತ್ತೆ. ಈ ಕತ್ತೆಗಳ ಕಿವಿ ಮುರಿಯೋದು ಹಬ್ಬದ ದಿನ ಅಲ್ಲ, ಜನವರಿಯಲ್ಲಿ ಒಂದರ ಮೇಲೊಂದು ತುರುಕುವಾಗ. ಪ್ಲಾಸ್ಟರ್ ಗೊಂಬೆಗೆ ಹಳೆ ಹತ್ತಿ ಸೀರೆಯ ತುಂಡು ಸುತ್ತಬೇಕು. ನ್ಯೂಸ್ ಪೇಪರಿನ ಮಸಿ ಬಿಳಿ ಮೈಗೆ ಹತ್ತುತ್ತೆ. ಪ್ಲಾಸ್ಟರ್ ತೇವ ಹೀರುತ್ತೆ, ಹಾಗಾಗಿ ಡಬ್ಬ ಗೋಡೆಗೆ ತಾಗದಿರಲಿ.

ಗೋದಲಿಯ ಹಸಿರಿಗೆ ಬೆಂಗಳೂರಿನ ಮನೆಗಳಲ್ಲಿ ರಾಗಿ ಚೆಲ್ಲುವ ರೂಢಿಯಿದೆ. ಡಿಸೆಂಬರ್ 12ರ ಹೊತ್ತಿಗೆ ರಾಗಿಯನ್ನು ರಾತ್ರಿಯಿಡೀ ನೆನೆಸಿ, ತಟ್ಟೆಯಲ್ಲಿ ಒಂದಂಗುಲ ಮಣ್ಣು ಹರಡಿ, ಮೇಲೆ ಒತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ ಕೈಯಲ್ಲಿ ನೀರು ಚಿಮುಕಿಸುತ್ತಾರೆ. ನೀರು ನಿಂತರೆ ಬೂಷ್ಟು ಬರುತ್ತೆ; ಹಳೇ ರಾಗಿಯಾದರೆ ಅರ್ಧ ಮೊಳೆಯೋದೇ ಇಲ್ಲ. ಇದನ್ನು ಮಗುವಿಗೇ ವಹಿಸಿಬಿಡಬಹುದು. ಬಾಲಯೇಸುವಿನ ಗೊಂಬೆಯನ್ನು 24ರ ಮಧ್ಯರಾತ್ರಿವರೆಗೂ ಇಡೋದಿಲ್ಲ, ಬೇರೆ ಕಟ್ಟಿಟ್ಟಿರುತ್ತಾರೆ. ಎಲ್ಲಿಟ್ಟೆವು ಅಂತ ಅವತ್ತು ರಾತ್ರಿ ಪೂಜೆಗೆ ಹೊರಡೋ ಗಡಿಬಿಡಿಯಲ್ಲಿ ಮನೆಯೆಲ್ಲ ಹುಡುಕಾಟ. ಅದನ್ನು ಹುಲ್ಲಿನ ಮೇಲೆ ಮಲಗಿಸುವ ಹಕ್ಕು ಸಾಮಾನ್ಯವಾಗಿ ಮನೆಯ ಕಿರಿಯ ಮಗುವಿನದ್ದು.

ಅದೇ ಬೀದಿಯ ಇನ್ನೊಂದು ಮನೆಯಲ್ಲಿ ದಸರಾ ಗೊಂಬೆ ಪೆಟ್ಟಿಗೆ ಇರುತ್ತೆ. ರಕ್ತಚಂದನದ ಪಟ್ಟದ ಗೊಂಬೆ ತಲೆಮಾರು ದಾಟಿ ಬಂದಿರುತ್ತೆ, ವರ್ಷಕ್ಕೆ ಒಂದೋ ಎರಡೋ ಹೊಸದು ಸೇರುತ್ತೆ. ಗೋದಲಿಗೂ ಹಾಗೇ, ಒಂದು ವರ್ಷ ಒಂದು ಕುರಿ, ಇನ್ನೊಂದು ವರ್ಷ ಬಾವಿ. ಹಬ್ಬದ ಗೊಂಬೆಗೆ ಇಷ್ಟು ಯೋಚನೆ ಮಾಡುವ ಮನೆಗಳು ಮಗು ದಿನಾ ಆಡೋ ಗೊಂಬೆಗೆ ಈ ಲೆಕ್ಕ ಹಾಕೋದಿಲ್ಲ ಅನ್ನೋದು ವಿಚಿತ್ರ. ಬಣ್ಣವಿಲ್ಲದ ಮರದ ಬ್ಲಾಕುಗಳನ್ನೇ ತಗೊಳ್ಳಿ. ಒಂದರ ಉದ್ದ ಇನ್ನೊಂದರ ಸರಿಯಾಗಿ ಎರಡರಷ್ಟು, ನಾಲ್ಕರಷ್ಟು ಇರೋ ಸೆಟ್ಟು ಆಯ್ದುಕೊಂಡರೆ, ಮುಂದಿನ ಡಿಸೆಂಬರಿನಲ್ಲಿ ಅದೇ ಅಳತೆಯ ಇಪ್ಪತ್ತು ಸೇರಿಸಬಹುದು. ಐವತ್ತು ಬ್ಲಾಕುಗಳಲ್ಲಿ ಗೋದಲಿಯ ಕೊಟ್ಟಿಗೆಯನ್ನೇ ಮಗು ಕಟ್ಟುತ್ತೆ. ಪ್ಲಾಸ್ಟಿಕ್ ಅಂದರೆ ಮೂಗು ಮುರಿಯೋದೂ ಬೇಡ: 1958ರ ಲೆಗೊ ಇಟ್ಟಿಗೆ ಇವತ್ತಿನದಕ್ಕೆ ಕಚ್ಚಿ ಕೂರುತ್ತೆ. ಬಾಳಿಕೆಯ ಆಟಿಕೆ ಅಂದರೆ ಒಡೆಯದ್ದು ಅಂತಷ್ಟೇ ಅಂದುಕೊಳ್ಳುತ್ತೇವೆ. ಒಡೆದರೆ ಸರಿಹೋಗುತ್ತಾ, ಮುಂದಿನ ವರ್ಷ ಇದಕ್ಕೆ ಇನ್ನೊಂದು ಸೇರುತ್ತಾ ಅಂತಲೂ ಅಂಗಡಿಯಲ್ಲೇ ಕೇಳಬೇಕು. ಹುಡುಗ ನಗಲಿ ಬಿಡಿ.

ತೊಂದರೆ ಇರೋದು ಮಾವಂದಿರು, ಚಿಕ್ಕಮ್ಮಂದಿರ ಕಡೆಯಿಂದ. ಎಲ್ಲರೂ ಒಂದೊಂದು ಡಬ್ಬ ಹೊತ್ತು ಬರುತ್ತಾರೆ, ದೊಡ್ಡ ಡಬ್ಬ ತಂದವರಿಗೇ ಹೆಚ್ಚು ಪ್ರೀತಿ ಅಂತ ಅವರವರ ನಂಬಿಕೆ. ಮೊದಲೇ ಫೋನ್ ಮಾಡಿ, ಒಬ್ಬರಿಗೆ ಬ್ಲಾಕು, ಒಬ್ಬರಿಗೆ ಕ್ರೇಯಾನ್ ಮತ್ತು ಡ್ರಾಯಿಂಗ್ ಶೀಟು, ಒಬ್ಬರಿಗೆ ಗೋದಲಿಯ ಕುರಿ ಅಂತ ಹಂಚಿಬಿಡೋದು ವಾಸಿ. ಮುಖ ಸಣ್ಣಗಾದರೆ ಆಗಲಿ. ಇಷ್ಟಾದರೂ ಹಾಡೋ ಸಾಂತಾ ಬಂದೇ ಬಂದರೆ ಆಡಲಿ. ಜನವರಿ 6ರ ಮೂರು ಅರಸರ ಹಬ್ಬ ಮುಗಿದು ಗೋದಲಿ ಎತ್ತಿಡುವಾಗ ಅದರ ಸೆಲ್ಲನ್ನೂ ತೆಗೆದು, ಮುಚ್ಚಳದ ಸ್ಕ್ರೂ ಕಳೆಯದ ಹಾಗೆ ಅದೇ ಗುಳಿಗೆ ತಿರುಗಿಸಿ, ಕತ್ತೆಯ ಪಕ್ಕ ಜಾಗ ಮಾಡಿ ಡಬ್ಬಕ್ಕೆ ಹಾಕಿ.