ಟಕ್ ಎಂದು ನಿಂತ ಸ್ಟಾರ್ಟರ್

ಇಂದು ಬೆಳಿಗ್ಗೆ ಧಾರವಾಡಕ್ಕೆ ಹೊರಡಲೆಂದು ಹುಬ್ಬಳ್ಳಿಯ ವಿದ್ಯಾನಗರದ ಮನೆಯೆದುರು ಕಾರಿನ ಕೀಲಿ ತಿರುಗಿಸಿದರೆ ಒಂದು ‘ಟಕ್’ ಸದ್ದು ಬಂದಿತೇ ಹೊರತು ಎಂಜಿನ್ ತಿರುಗಲಿಲ್ಲ. ಬ್ಯಾಟರಿ ಹೋಗಿದೆ, ಹೊಸದು ಹಾಕಿಸು ಎಂದು ಪಕ್ಕದ ಮನೆಯ ಕಾಕಾ ಹೇಳಿದರು. ಆದರೆ ಬ್ಯಾಟರಿಗೆ ಹಿಡಿದ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಸಾಧನ) 12.6 ವೋಲ್ಟ್ ತೋರಿಸುತ್ತಿತ್ತು. ಕೀಲಿ ತಿರುಗಿಸಿದಾಗಲೂ ಅದು 12ಕ್ಕಿಂತ ಕೆಳಗಿಳಿಯಲಿಲ್ಲ. ಬ್ಯಾಟರಿ ದುರ್ಬಲವಾಗಿದ್ದರೆ ಆಗ ವೋಲ್ಟೇಜ್ ಕುಸಿಯಬೇಕಿತ್ತು. ಕುಸಿಯಲಿಲ್ಲವೆಂದರೆ ಕರೆಂಟಿನ ದಾರಿಯಲ್ಲೇ ಎಲ್ಲೋ ತಡೆಯಿದೆ ಎಂದರ್ಥ.

ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕಾಕಾ ಅವರಿಗೆ ಕೀಲಿ ತಿರುಗಿಸಲು ಹೇಳಿ ಬ್ಯಾಟರಿಯ ಮೈನಸ್ ತುದಿಗೂ ಎಂಜಿನ್ನಿನ ಮೈಗೂ ನಡುವೆ ಅಳೆದಾಗ, ಅರ್ಧ ವೋಲ್ಟ್‌ನೊಳಗೆ ಇರಬೇಕಾದ ಅಂತರ 7 ವೋಲ್ಟ್ ದಾಟಿತ್ತು. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟರ್, ಅಂದರೆ ಸ್ಟಾರ್ಟರ್, 150 ಆಂಪಿಯರ್ ಎಳೆಯುವಲ್ಲಿ ಬರೀ 0.05 ಓಮ್ ತಡೆಯೂ 7.5 ವೋಲ್ಟನ್ನು ನುಂಗುತ್ತದೆ. ಕರೆಂಟು ಹೋಗುವ ತಂತಿಯನ್ನಷ್ಟೇ ಶಂಕಿಸುವ ನಾವು, ಅದು ಎಂಜಿನ್ನಿನ ಮೈಯಿಂದ ಬ್ಯಾಟರಿಯ ಮೈನಸ್ ತುದಿಗೆ ಮರಳಿ ಬರುವ ದಾರಿಯನ್ನು ಎಷ್ಟು ಸುಲಭವಾಗಿ ಮರೆಯುತ್ತೇವೆ ಎಂದು ಆ ಕ್ಷಣ ಅನ್ನಿಸಿತು.

ಮೈನಸ್ ಕೇಬಲ್ ಕಳಚಿ, ಅದರ ಇನ್ನೊಂದು ತುದಿಯನ್ನು ಗೇರ್‌ಬಾಕ್ಸಿಗೆ ಬಿಗಿದಿದ್ದ ಅರ್ಥಿಂಗ್ ಬೋಲ್ಟ್ ಬಿಚ್ಚಿದೆ. ಮಳೆಗಾಲದ ಕೆಸರಿಗೆ ಕೂಡುವ ಜಾಗವೆಲ್ಲ ಹಸಿರುಗಟ್ಟಿತ್ತು. ಮರಳುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಕೀಲಿ ತಿರುಗಿಸಿದೊಡನೆ ಎಂಜಿನ್ ಎದ್ದಿತು. ಹಳೆಯ ಬ್ಯಾಟರಿಯೇ ಈಗಲೂ ಇದೆ.